ಲಡಾಖ್ ದಾರಿಯಲ್ಲಿ ಸಿಕ್ಕ ಗುಬ್ಬಿಯವನು

ಎಂಬತ್ತರ ದಶಕದಲ್ಲಿ ತುಮಕೂರಿನ ಕಾರ್ಖಾನೆಗೆ ಒಂದು ತಿಂಗಳು ರಜೆ ಹಾಕಿ, ಒಬ್ಬನೇ ಮೋಟಾರ್‌ಸೈಕಲ್‌ನಲ್ಲಿ ಲಡಾಖಿಗೆ ಹೊರಟಿದ್ದೆ. ಒಂದು ಬೆಳಿಗ್ಗೆ, ಗಿಡಮರವೂ ಇಲ್ಲದ ಬೆಟ್ಟಗಳ ನಡುವೆ ಗೇಟು ಕಾಯುತ್ತಿದ್ದ ಸಿಪಾಯಿ, ಮುಂದೆ ಗುಡ್ಡ ಕುಸಿದಿದೆ, ಹೋಗುವಂತಿಲ್ಲ ಎಂದು ಹಿಂದಿಯಲ್ಲಿ ಗದರಿದ.

"ಅಯ್ಯೋ, ನನ್ ರಜೆ ಮುಗ್ದೋಯ್ತದಲ್ಲಪ್ಪ" ಎಂದು ಗೊಣಗಿಕೊಂಡೆ.

ಅವನ ಮುಖ ಅರಳಿತು. "ಅಣ್ಣ, ಯಾವೂರು? ನಂದು ಗುಬ್ಬಿ!"

ಟೆಂಟಿಗೆ ಕರೆದೊಯ್ದು ಅನ್ನ ಬೇಯಿಸಿ ಹಾಕಿದ. ಗುಬ್ಬಿ ಕೆರೆ ತುಂಬಿತಾ, ಬಸ್‌ಸ್ಟ್ಯಾಂಡ್ ಹೋಟೆಲ್ ಇನ್ನೂ ಇದೆಯಾ ಎಂದು ಕೇಳಿದ್ದೇ ಕೇಳಿದ. ರಸ್ತೆಯ ಮಾತೆತ್ತಿದರೆ, "ನಾಳೆ ನೋಡಣ ಬುಡಣ್ಣ" ಎನ್ನುತ್ತಿದ್ದ.

ಮರುದಿನ ಬೆಳಿಗ್ಗೆ ಆ ಕಡೆಯಿಂದ ಬಂದ ಲಾರಿ ಡ್ರೈವರ್, ರಸ್ತೆ ನಿನ್ನೆ ಮಧ್ಯಾಹ್ನವೇ ತೆರೆದಿದೆ ಎಂದ. ಸಿಪಾಯಿ ತಲೆ ತಗ್ಗಿಸಿದ.

"ತಪ್ಪಾಯ್ತಣ್ಣ. ಕನ್ನಡ ಕೇಳಿ ಎಂಟು ತಿಂಗ್ಳಾಗಿತ್ತು."

ಬೈಯೋಣ ಅನ್ನಿಸಿತು. ಆದರೆ ಬೈದರೂ ಕನ್ನಡದಲ್ಲೇ ಬೈಯಬೇಕಿತ್ತು. ಅದನ್ನೂ ಅವನು ಖುಷಿಯಿಂದಲೇ ಕೇಳಿಸಿಕೊಳ್ಳುತ್ತಿದ್ದ.