ಛಲೋ ಕೂಡ್ಲಿ, ಆಮ್ಯಾಲ ಬಿಗೀರಿ

ಕಾರಿನ ಮೇಲಿರುವ ಕರುಣೆಯಲ್ಲಿ ಕಾಲು ಭಾಗ ನನಗೆ ಮನುಷ್ಯರ ಮೇಲೆ ಇದ್ದಿದ್ದರೆ ತಾನು ಸುಖವಾಗಿರುತ್ತಿದ್ದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ಅಲ್ಲಗಳೆಯುವುದಿಲ್ಲ. ಉಡುಪಿ ಕಡೆಯಿಂದ ಬಂದ ಅಪ್ಪ ಪುಣೆಯಲ್ಲಿ ಹಾಕಿದ ಹೋಟೆಲನ್ನು ನಡೆಸುತ್ತೇನೆ. ವಾರವಿಡೀ ಗಲ್ಲಾದಲ್ಲಿ ಕೂತು ಕಂಡಕಂಡವರ ಮೇಲೆ ಹರಿಹಾಯುತ್ತೇನೆ. ಭಾನುವಾರ ಬೆಳಿಗ್ಗೆ ಮಾತ್ರ ನನ್ನ ಸ್ಪೋರ್ಟ್ಸ್ ಕಾರಿನ ಮುಂದೆ ಮೆತ್ತಗಾಗುತ್ತೇನೆ. ಇಬ್ಬರೇ ಕೂರುವ, ಬಟ್ಟೆಯ ಟಾಪಿನ, ನನಗಿಂತ ವಯಸ್ಸಾದ ವಿಲಾಯತಿ ಗಾಡಿ ಅದು.

ಇಂಥ ಹುಚ್ಚಿನವರು ನಾವು ಒಂಬತ್ತು ಮಂದಿ. ನಾನೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಮರಾಠಿಯವರು. ಭಾನುವಾರ ಒಬ್ಬರ ಬಂಗಲೆಯ ಅಂಗಳದಲ್ಲಿ ಸೇರುತ್ತೇವೆ, ಕಾರುಗಳ ಬಾನೆಟ್ ತೆರೆದಿಟ್ಟು ಚಹಾ ಕುಡಿಯುತ್ತೇವೆ, ಮನಸ್ಸಾದರೆ ಲೋಣಾವಳಾದ ತನಕ ಹೋಗಿ ಚಿಕ್ಕಿ ಕಟ್ಟಿಸಿಕೊಂಡು ಬರುತ್ತೇವೆ. ಒಂಬತ್ತೂ ಕಾರುಗಳ ಕೆಲಸ ಒಬ್ಬರೇ ಮೇಸ್ತ್ರಿಯದು. ಬೆಳಗಾವಿ ಕಡೆಯವರು, ಅರವತ್ತೈದು ದಾಟಿದವರು, ನಾನಾ ಪೇಠೆಯ ಗಲ್ಲಿಯೊಂದರಲ್ಲಿ ಅವರ ಶೆಡ್ಡು. ಕಂಪ್ಯೂಟರ್ ಹಚ್ಚಿ ನೋಡುವ ಹೊಸ ಗಾಡಿಗಳನ್ನು ಅವರು ಮುಟ್ಟುತ್ತಿರಲಿಲ್ಲ. ಹಾಗಾಗಿ ನಮ್ಮ ಒಂಬತ್ತು ಕಾರುಗಳೇ ಅವರ ಅನ್ನ.

ಆ ವರ್ಷ ನನ್ನ ಕಾರು ಪ್ರತಿ ಹಂಪಿನ ಮೇಲೂ ಕಟಕ್ ಕಟಕ್ ಎನ್ನತೊಡಗಿತ್ತು. ಮೇಸ್ತ್ರಿ ನನ್ನ ಮನೆಯ ಶೆಡ್ಡಿಗೆ ಬಂದರು, ಮುಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಅಲ್ಲಾಡಿಸಿದರು.

"ರಬ್ಬರ್ ಪೂರಾ ಸತ್ತಾವ್ರಿ ಸಾಹೇಬ್ರ. ಕಿಂಗ್‌ಪಿನ್ನೂ ಸವದದ. ಎರಡೂ ಕಡೆ ಎಲ್ಲಾ ಬದಲಿ ಮಾಡಬೇಕು."

ಚಕ್ರವನ್ನು ಹಿಡಿದುಕೊಳ್ಳುವ ಕಬ್ಬಿಣದ ತೋಳುಗಳು ಚಾಸಿಗೆ ಸೇರುವ ಜಾಗದಲ್ಲಿ ರಬ್ಬರಿನ ಬುಶ್‌ಗಳಿರುತ್ತವೆ, ದಪ್ಪ ಬಳೆಗಳ ಹಾಗೆ. ತೋಳು ಮೇಲೆ ಕೆಳಗೆ ಆಡುವಾಗ ಹೊಡೆತವನ್ನೆಲ್ಲ ಅವೇ ನುಂಗಬೇಕು. ಇಂಗ್ಲೆಂಡಿನಿಂದ ಅವನ್ನು ತರಿಸಲು ನಾಲ್ಕು ತಿಂಗಳು ಹಿಡಿಯಿತು. ಬಂದ ದಿನವೇ ಮೇಸ್ತ್ರಿ ಕೆಲಸಕ್ಕೆ ಕೂತರು. ಕಾರಿನ ಮೂತಿಯನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿ, ಸ್ಪ್ರಿಂಗನ್ನು ಜಾಕಿಯಲ್ಲಿ ಒತ್ತಿಹಿಡಿದು ಇಂಚಿಂಚಾಗಿ ಸಡಿಲಿಸಿ, ಹಳೆಯದನ್ನೆಲ್ಲ ಬಿಚ್ಚಿ ಹೊಸದನ್ನು ಹಾಕಿದರು. ನಾಲ್ಕು ದಿನ ಅವರ ಬೆನ್ನ ಹಿಂದೆ ನಿಂತು ಅವರ ಮಾತನ್ನು ಅಣಕಿಸಿದ್ದೇ ನನ್ನ ಸಹಾಯ. ಅವರು "ಭಾಳ" ಎಂದರೆ ನಾನೂ ಮೂಗಿನಲ್ಲಿ "ಭಾಳ" ಎನ್ನುತ್ತಿದ್ದೆ. ಅವರು ನಗುತ್ತಿದ್ದರು.

ಐದನೆಯ ದಿನ ಅವರ ಅಕ್ಕನ ಮೊಮ್ಮಗಳ ಮದುವೆ. ಬೋಲ್ಟುಗಳನ್ನೆಲ್ಲ ಕೈಯಲ್ಲೇ ತಿರುಗಿಸಿ ಹಚ್ಚಿ ಎದ್ದರು.

"ನಾ ಊರಿಗೆ ಹೋಗಿ ಬರ್ತೀನ್ರಿ. ನಾಕ್ ದಿನ ಆಗ್ತದ. ನಿಮಗ ಗಡಬಡಿ ಇದ್ರ ನೀವ ಬಿಗದ್ರೂ ನಡೀತದ. ಆದ್ರ ಮದ್ಲ ಛಲೋ ಕೂಡ್ಲಿ, ಆಮ್ಯಾಲ ಬಿಗೀರಿ."

ನಮ್ಮ ಕರಾವಳಿಯಲ್ಲಿ ಕೂಡುವುದು ಎಂದರೆ ಸೇರುವುದು. ಮನೆಗೆ ಬಂದವರಿಗೆ ಕೂತುಕೊಳ್ಳಿ ಎನ್ನಲು ಅವರ ಕಡೆಯವರು "ಕೂಡ್ರಿ" ಎನ್ನುವುದು ನನಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕಾರೂ ಕೂಡುತ್ತದೆ ಎಂದು ಹೊಳೆಯಲಿಲ್ಲ. ತೋಳು, ಬುಶ್ಶು, ಬೋಲ್ಟು ಎಲ್ಲ ಒಂದಕ್ಕೊಂದು ಸರಿಯಾಗಿ ಸೇರಿವೆಯೇ ಎಂದು ನೋಡಿದೆ. ಸೇರಿದ್ದವು. ಕಾರು ದಿಮ್ಮಿಗಳ ಮೇಲೆಯೇ ಇತ್ತು, ಚಕ್ರಗಳು ಜೋತಾಡುತ್ತಿದ್ದವು. ಉದ್ದನೆಯ ಪಾನಾ ಹಾಕಿ, ಕಾಲು ಕೊಟ್ಟು ಒಂದೊಂದನ್ನೂ ಬಿಗಿದೆ. ಆ ಭಾನುವಾರ ಗೆಳೆಯರ ಮುಂದೆ ಕಾರು ಬೆಣ್ಣೆಯಂತೆ ಹೋಯಿತು.

ಮೂರು ತಿಂಗಳಿಗೆ ಸದ್ದು ಮತ್ತೆ ಶುರುವಾಯಿತು. ಬಗ್ಗಿ ನೋಡಿದರೆ ಹೊಸ ರಬ್ಬರ್ ಹರಿದು ಚೂರುಚೂರಾಗಿ ಹೊರಬಂದಿತ್ತು. ನನಗೆ ಉರಿದುಹೋಯಿತು. ಅಂಗಳದಲ್ಲಿ ಎಂಟೂ ಜನರನ್ನು ಕರೆದು ತೋರಿಸಿದೆ. ಮುದುಕನ ಕಣ್ಣು ಹೋಗಿದೆ, ಕೈ ಹೋಗಿದೆ, ಇನ್ನು ಇವನ ಕೈಗೆ ಬ್ರೇಕು ಕೊಟ್ಟರೆ ನಾವೆಲ್ಲ ಒಟ್ಟಿಗೆ ಘಾಟಿನ ಕೆಳಗೆ ಸಿಗುತ್ತೇವೆ ಎಂದೆ. ಅವರ ನಡಿಗೆಯನ್ನೂ ಒಂದಿಷ್ಟು ಮಾಡಿ ತೋರಿಸಿದೆ. ಚೆನ್ನಾಗಿ ನಕ್ಕರು. ತಿಂಗಳೊಳಗೆ ಐವರು ಕಾರುಗಳನ್ನು ಬೇರೆ ಕಡೆ ಒಯ್ದರು. ಉಳಿದ ಮೂವರು ನೋಡೋಣ ಎನ್ನುತ್ತಿದ್ದರು.

ಸುದ್ದಿ ತಿಳಿದು ಮೇಸ್ತ್ರಿ ಒಂದು ಭಾನುವಾರ ಅಂಗಳಕ್ಕೇ ಬಂದರು. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಆ ಅಂಗಿಯಲ್ಲೇ ನೆಲಕ್ಕೆ ಬೆನ್ನು ಕೊಟ್ಟು ನನ್ನ ಕಾರಿನ ಕೆಳಗೆ ಸರಿದರು. ಹರಿದ ಜಾಗವನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ಅಲ್ಲೇ ಇದ್ದರು. ಎಂಟೂ ಜನ ಚಹಾದ ಕಪ್ಪು ಹಿಡಿದು ಸುತ್ತ ನಿಂತಿದ್ದರು. ಮೇಸ್ತ್ರಿ ಹೊರಬಂದರು, ನನ್ನ ಹತ್ತಿರ ನಿಂತರು, ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಕೇಳಿದರು.

"ಸಾಹೇಬ್ರ, ನೀವು ಬಿಗಿಯೂ ಮುಂದ ಗಾಡಿ ನೆಲದ ಮ್ಯಾಲ ಕೂತಿತ್ತೇನ್ರಿ?"

ಕೂತಿತ್ತೇ. ಆ ಒಂದು ಮಾತಿಗೆ ನನಗೆ ಎಲ್ಲ ತಿಳಿದುಹೋಯಿತು. ಕಾರಿನ ಭಾರ ಚಕ್ರದ ಮೇಲೆ ಬಿದ್ದು ಅದು ತನ್ನ ಮಟ್ಟದಲ್ಲಿ ಕೂತ ಮೇಲೆಯೇ ಬುಶ್ಶಿನ ಬೋಲ್ಟನ್ನು ಬಿಗಿಯಬೇಕು. ಮೇಲೆ ಜೋತಾಡುವಾಗ ಬಿಗಿದರೆ, ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಹರಿದದ್ದು ನನ್ನ ಕೈಯಿಂದ. ಇನ್ನೊಂದೂ ಅದೇ ಹೊತ್ತಿಗೆ ತಿಳಿಯಿತು. ಮೇಸ್ತ್ರಿ ನನಗಿಂತ ಚೆನ್ನಾಗಿ ಮರಾಠಿ ಮಾತಾಡುತ್ತಾರೆ. ಕನ್ನಡದಲ್ಲಿ ಕೇಳಿದ್ದು ಎಂಟು ಜನರ ಮುಂದೆ ನನ್ನ ಮಾನ ಉಳಿಸಲಿಕ್ಕೆ. ನಾನೇ ಬಾಯಿ ಬಿಟ್ಟು ಹೇಳಲಿ ಎಂದು ಅವರು ಕಾಯುತ್ತಿದ್ದರು.

"ಕಾಯ್ ಮ್ಹಣತೋ?" ಎಂದು ಒಬ್ಬ ಕೇಳಿದ, ಏನಂತಾನೆ ಅಂತ.

ತಪ್ಪು ನನ್ನದು ಎಂದು ಹೇಳಲು ಮರಾಠಿಯಲ್ಲಿ ಎರಡು ಪದ ಸಾಕು. ಹೇಳಿದ್ದರೆ ಹೋದ ಐದು ಕಾರುಗಳೂ ಅವರ ಶೆಡ್ಡಿಗೆ ವಾಪಸು ಹೋಗುತ್ತಿದ್ದವು, ನನ್ನನ್ನು ಒಂದು ವಾರ ಗೇಲಿ ಮಾಡುತ್ತಿದ್ದರು, ಅಷ್ಟೇ. ಆ ಒಂದು ವಾರದ ಗೇಲಿಯನ್ನು ನಾನು ತಾಳಲಾರದವನು. ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ, "ತಪ್ಪಾಯಿತು ಅಂತಿದಾರೆ. ವಯಸ್ಸಾಯಿತು, ಈಗ ಕೈ ಸಾಗೋದಿಲ್ಲ, ಕ್ಷಮಿಸಿ ಅಂತಿದಾರೆ."

ಮೇಸ್ತ್ರಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಉಳಿದವರ ಕಡೆ ತಿರುಗಿ ಮರಾಠಿಯಲ್ಲಿ, ತಾನು ಹಾಗೆ ಹೇಳಲೇ ಇಲ್ಲ, ಬೋಲ್ಟ್ ಬಿಗಿದವರು ಸಾಹೇಬರು ಎಂದರು. ತಡವಾಗಿತ್ತು. ಈಗ ತಾನೇ ಕ್ಷಮೆ ಕೇಳಿದ ಮನುಷ್ಯ ಮರುಗಳಿಗೆಯಲ್ಲಿ ಮಾತು ತಿರುಗಿಸುತ್ತಿದ್ದಾನೆ ಎಂದೇ ಎಲ್ಲರಿಗೂ ಕಂಡಿತು. "ವಯಸ್ಸಾದವರು ಸುಳ್ಳು ಹೇಳಬಾರದು ಕಾಕಾ," ಎಂದ ಬಂಗಲೆಯವನು, ಸಮಾಧಾನದ ದನಿಯಲ್ಲಿ. ನೋಡೋಣ ಎನ್ನುತ್ತಿದ್ದ ಮೂವರೂ ನೆಲ ನೋಡಿದರು. ಬೆನ್ನಿಗೆ ಮಣ್ಣು ಮೆತ್ತಿಕೊಂಡ ಬಿಳಿ ಅಂಗಿಯಲ್ಲಿ ಮೇಸ್ತ್ರಿ ಗೇಟು ದಾಟಿ ಹೋದರು. ಯಾರೋ ಇನ್ನೊಂದು ಸುತ್ತು ಚಹಾ ತರಿಸಿದರು, ನಾನೂ ಕುಡಿದೆ.

ಇಂಗ್ಲೆಂಡಿನಿಂದ ಮತ್ತೆ ಬುಶ್ ತರಿಸಿ ನಾನೇ ಹಾಕಿದೆ. ಕಾರನ್ನು ನೆಲಕ್ಕಿಳಿಸಿ, ಮಟ್ಟ ನೋಡಿ, ಆಮೇಲೆ ಬಿಗಿದೆ. ಎರಡು ವರ್ಷವಾಯಿತು, ಸದ್ದಿಲ್ಲ. ಗೆಳೆಯರು ಈಗ ತಮ್ಮ ಕಾರು ನೋಡಲು ನನ್ನನ್ನೇ ಕರೆಯುತ್ತಾರೆ.

ಹೋದ ತಿಂಗಳು ಶಿರೂರಿನ ರಸ್ತೆಯಲ್ಲಿ ಟೈರು ಪಂಕ್ಚರ್ ಆಗಿ ತಗಡಿನ ಪಂಕ್ಚರ್ ಅಂಗಡಿಯೊಂದರ ಮುಂದೆ ನಿಲ್ಲಿಸಿದೆ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತ ಕೂತಿದ್ದವರು ಮೇಸ್ತ್ರಿ. ಬೇರೆ ಯಾರೂ ಇರಲಿಲ್ಲ. ಈಗ ಹೇಳಿದರೆ ಕೇಳುವವರಿಲ್ಲ, ನನಗೆ ನಷ್ಟವೂ ಇಲ್ಲ ಎನಿಸಿ ಧೈರ್ಯ ಬಂತು. ಕನ್ನಡದಲ್ಲಿ ಶುರು ಮಾಡಿದೆ, "ಮೇಸ್ತ್ರಿಗಳೇ, ಆವತ್ತು ನಾನು ಮಾಡಿದ್ದು..."

ಅವರು ಟ್ಯೂಬಿನಿಂದ ಕಣ್ಣೆತ್ತಲಿಲ್ಲ. "ಮಲಾ ಕಾನಡೀ ಯೇತ್ ನಾಹೀ, ಸಾಹೇಬ್," ಎಂದರು. ನನಗೆ ಕನ್ನಡ ಬರುವುದಿಲ್ಲ, ಅಂತ.