ತೊಟ್ಟಿಯೊಳಗಿನ ದನಿ

ಬೆಳಗಿನ ಐದೂಕಾಲು. ಆಕೆ ಮೊದಲು ಬಲಗೈಯನ್ನು ಒಳಗೆ ತೂರಿಸುತ್ತಾರೆ. ಆಮೇಲೆ ತಲೆ. ಎಡ ಹೆಗಲನ್ನು ಓರೆ ಮಾಡಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ಸೊಂಟವನ್ನು ಒಂದು ಸುತ್ತು ತಿರುಗಿಸಿದರೆ ದೇಹವೆಲ್ಲ ಸ್ಟೀಲಿನ ತೊಟ್ಟಿಯೊಳಗೆ ಜಾರಿಕೊಳ್ಳಬೇಕು. ಇಂದು ಜಾರುವುದಿಲ್ಲ. ಆಕೆ ಹಿಂದೆ ಸರಿದು, ಹೆಗಲು ನೀವಿಕೊಂಡು, ಇನ್ನೊಮ್ಮೆ ಪ್ರಯತ್ನಿಸುತ್ತಾರೆ. ಮೂರನೆಯ ಸಲ ರಬ್ಬರ್ ಬೂಟುಗಳ ಹಿಮ್ಮಡಿ ಒಂದು ಕ್ಷಣ ಹೊರಗೆ ಕಂಡು ಮಾಯವಾಗುತ್ತದೆ. ಹೊರಗೆ ಪೈಪು ಹಿಡಿದು ನಿಂತ ಕೆಲಸಗಾರನಿಗೆ ಒಳಗಿನಿಂದ ದನಿ ಬರುತ್ತದೆ: "ನೀರು ಬಿಡಣ್ಣ, ಮುಹೂರ್ತ ನೋಡ್ತಾ ನಿಂತ್ಕೋಬೇಡ!"

ಇದು ಬಿಯರ್ ತಯಾರಿಸುವ ಒಂದು ಸಣ್ಣ ಕಾರ್ಖಾನೆ. ಇಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ತೊಟ್ಟಿಯಕ್ಕ ಎಂದು. ವಯಸ್ಸು ಐವತ್ತಾರು. ಮೈ ಕಡ್ಡಿಯಂಥದು. ಇಪ್ಪತ್ತೆರಡು ವರ್ಷಗಳ ಹಿಂದೆ ಆಕೆಗೆ ಕೆಲಸ ಸಿಕ್ಕಿದ್ದೂ ಆ ಮೈಕಟ್ಟಿನಿಂದಲೇ. ಈ ಹಳೆಯ ತೊಟ್ಟಿಯ ಬಾಗಿಲು ಒಂದೂವರೆ ಅಡಿ ಅಗಲವೂ ಇಲ್ಲ. "ಅವತ್ತು ನನ್ನ ಓದು ಕೇಳ್ಲಿಲ್ಲ, ಊರು ಕೇಳ್ಲಿಲ್ಲ. ಟೇಪ್ ಹಿಡಿದು ಭುಜ ಅಳೆದ್ರು. ಬ್ಲೌಸ್ ಹೊಲಿಯೋಕೇನೋ ಅಂದ್ಕೊಂಡೆ" ಎಂದು ನಗುತ್ತಾರೆ.

ಬಿಯರ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ, ಬಿಸಿ ನೀರಿನಲ್ಲಿ ನೆನೆಸಿ, ಆ ಸಿಹಿ ರಸವನ್ನು ಬಸಿದುಕೊಂಡು ಹುದುಗು ಬರಿಸುವುದು. ರಸ ಮುಂದಿನ ಪಾತ್ರೆಗೆ ಹೋಗುತ್ತದೆ. ಗಸಿ ತೊಟ್ಟಿಯಲ್ಲಿ ಉಳಿಯುತ್ತದೆ. ಒಂದು ಸಲಕ್ಕೆ ಆರುನೂರು ಕಿಲೋ ಕಾಳು. ನೀರು ಕುಡಿದ ಮೇಲೆ ಅದರ ತೂಕ ಸಾವಿರ ದಾಟುತ್ತದೆ. ಹೆಚ್ಚಿನದನ್ನು ಹೊರಗಿನಿಂದಲೇ ಉದ್ದ ಹಿಡಿಯ ಸಲಿಕೆಯಲ್ಲಿ ಎಳೆದು ಹಾಕುತ್ತಾರೆ. ಮೂಲೆಮುಡುಕಿನದನ್ನು ತೆಗೆಯಲು ಮಾತ್ರ ಒಳಗೆ ಇಳಿಯಲೇಬೇಕು. ತಳದಲ್ಲಿ ಜರಡಿಯಂತೆ ಸೀಳುಗಳಿರುವ ಇಪ್ಪತ್ತು ಪ್ಲೇಟುಗಳಿವೆ. ಒಂದೊಂದನ್ನೂ ಎಬ್ಬಿಸಿ, ಮಗುಚಿ, ಸೀಳುಗಳಲ್ಲಿ ಸಿಕ್ಕಿಕೊಂಡ ಸಿಪ್ಪೆಯನ್ನು ಬ್ರಷ್ಷಿನಿಂದ ಬಿಡಿಸಿ, ಅಡಿಯನ್ನೂ ತೊಳೆದು, ಮತ್ತೆ ಜೋಡಿಸಬೇಕು. ಒಂದು ಸೀಳು ಮುಚ್ಚಿಕೊಂಡರೆ ಮರುದಿನದ ರಸ ಸರಿಯಾಗಿ ಬಸಿಯುವುದಿಲ್ಲ. ಒಂದು ಹಿಡಿ ಗಸಿ ಉಳಿದರೆ ಸಂಜೆಗೆ ಹುಳಿ ವಾಸನೆ. ಈ ಕೆಲಸಕ್ಕೆ ಮುಕ್ಕಾಲು ಗಂಟೆ. ವಾರಕ್ಕೆ ಎಂಟು ಸಲ. ತೊಟ್ಟಿಯ ನೆತ್ತಿಯ ಆವಿಕಿಂಡಿ ತೆರೆದಿರುವುದರಿಂದ ಗಾಳಿಗೆ ತೊಂದರೆಯಿಲ್ಲ. ಆದರೆ ಕಾವು ಆರಿರುವುದಿಲ್ಲ. ಆಕೆ ಹೊರಗೆ ಬಂದಾಗ ತಲೆಗೂದಲಿನಿಂದ ಆವಿ ಏಳುತ್ತಿರುತ್ತದೆ.

ಮದ್ಯವನ್ನು ತುಟಿಗೆ ಮುಟ್ಟಿಸದೆ ಎಪ್ಪತ್ತು ದಾಟಿದ ನನಗೆ ಆಕೆಯ ಬಗ್ಗೆ ಬರೆಯಲೆಂದು ಇಲ್ಲಿಗೆ ಬರಲು ಮೊದಲು ಸಂಕೋಚವಿತ್ತು. ಬಂದ ಮೇಲೆ ಆ ಸಂಕೋಚ ಉಳಿಯಲಿಲ್ಲ. ಮೊಣಕಾಲೂರಿ, ತಲೆ ತಗ್ಗಿಸಿ, ಯಾರೂ ಕಾಣದ ಕಡೆಯನ್ನು ಯಾರೂ ಹೇಳದೆ ಶುದ್ಧ ಮಾಡುವವರನ್ನು ಭಗವಂತ ಯಾವ ಬಾಗಿಲಿನಿಂದ ಒಳಗೆ ಕರೆಯುತ್ತಾನೋ ನಾವು ಹೇಳಬಲ್ಲೆವೇ?

ತೊಟ್ಟಿಯಕ್ಕನ ಮನೆ ಕಾರ್ಖಾನೆಯಿಂದ ಅರ್ಧ ಗಂಟೆಯ ನಡಿಗೆ. ಎರಡನೆಯ ಮಹಡಿಯ ಎರಡು ಕೋಣೆಗಳು. ಪತಿ ಇದೇ ಕಾರ್ಖಾನೆಗೆ ಕಾಳು ತರುವ ಲಾರಿ ಓಡಿಸುತ್ತಿದ್ದರು. ತೀರಿಕೊಂಡು ಆರು ವರ್ಷವಾಯಿತು. ಬಾಗಿಲ ಹಿಂದಿನ ಮೊಳೆಯಲ್ಲಿ ಅವರ ಕೋಟು ಈಗಲೂ ನೇತಾಡುತ್ತದೆ. ಅದನ್ನು ಯಾಕೆ ತೆಗೆದಿಲ್ಲ ಎಂದು ನಾನು ಕೇಳಲಿಲ್ಲ. ಅಂಥದನ್ನು ಕೇಳುವವರಿಗೆ ಉತ್ತರ ತಿಳಿಯುವುದಿಲ್ಲ, ತಿಳಿದವರು ಕೇಳುವುದಿಲ್ಲ.

ಮನೆಯಲ್ಲಿ ಜೊತೆಗಿರುವುದು ತಂಗಿ. ಪರದೆ ಹೊಲಿಯುತ್ತಾಳೆ, ಕೈಗಿಂತ ನಾಲಿಗೆ ಚುರುಕು. "ನಮ್ಮಕ್ಕನ ಕಿವಿ ಒಂದ್ಸಲ ನೋಡಿ ಸ್ವಾಮಿ. ಇನ್ನೊಂದು ಮಳೆ ಬಿದ್ರೆ ಅಲ್ಲಿ ಸಿಕ್ಕಿರೋ ಬಾರ್ಲಿ ಮೊಳಕೆ ಒಡೆಯುತ್ತೆ" ಎನ್ನುತ್ತಾಳೆ. ಅಕ್ಕ ತಲೆ ತಗ್ಗಿಸಿ ನಗುತ್ತಾರೆ, ಮಾತಾಡುವುದಿಲ್ಲ. "ನೋಡಿದ್ರಾ? ಇದೇ ಇವಳ ಕಥೆ. ತೊಟ್ಟಿಯೊಳಗೆ ಹೋದ್ರೆ ಲೋಕಕ್ಕೆಲ್ಲ ಬುದ್ಧಿ ಹೇಳ್ತಾಳೆ. ಹೊರಗೆ ಬಂದ್ರೆ ಬಾಯಿಗೆ ಬೀಗ. ತರಕಾರಿಯವನ ಹತ್ರ ಚೌಕಾಸಿ ಮಾಡೋಕೂ ನಾನೇ ಬೇಕು."

ತಂಗಿಯ ಮಾತು ಹುಡುಗಾಟದ್ದಲ್ಲ. ಮನುಷ್ಯರ ಮುಖ ಎದುರಿಗಿದ್ದರೆ ತೊಟ್ಟಿಯಕ್ಕನಿಗೆ ಮಾತು ಹೊರಡುವುದಿಲ್ಲ. ನನ್ನ ಪ್ರಶ್ನೆಗಳಿಗೂ ಆಕೆ ಹೆಚ್ಚಾಗಿ ಉತ್ತರ ಕೊಟ್ಟಿದ್ದು ಬೆನ್ನು ತಿರುಗಿಸಿ ಬೂಟು ತೊಳೆಯುತ್ತಾ. ಚಿಕ್ಕಂದಿನಿಂದ ಹೀಗೆಯೇ ಅಂತೆ. ಆದರೆ ಶನಿವಾರದ ಜನ ಈ ಕಾರ್ಖಾನೆಯಲ್ಲಿ ಹುಡುಕಿಕೊಂಡು ಬರುವುದು ಈಕೆಯ ಮಾತನ್ನೇ.

ಶನಿವಾರ ಹತ್ತು ಗಂಟೆಗೆ ಬರುವವರು ಮನೆಯಲ್ಲಿ ಬಕೆಟ್ಟು, ಪಾತ್ರೆಗಳಲ್ಲಿ ಬಿಯರ್ ಮಾಡುವ ಹವ್ಯಾಸಿಗಳು. ಒಂದು ಗುಂಪಿಗೆ ಹನ್ನೆರಡು ಜನ. ಎತ್ತರದ ಪಾತ್ರೆಗಳನ್ನು ಕಂಡು ಅವರ ಕಣ್ಣು ಅಗಲವಾಗುತ್ತದೆ. ಗೇಜು, ಪೈಪು, ಕವಾಟ, ಎಲ್ಲದರ ಫೋಟೋ ತೆಗೆಯುತ್ತಾರೆ. ತಮ್ಮ ತಮ್ಮ ಬಾಟಲಿಗಳನ್ನು ಚೀಲದಲ್ಲಿ ಸುತ್ತಿ ತಂದು, ಪರೀಕ್ಷೆ ಬರೆದ ಮಕ್ಕಳಂತೆ, ಇಲ್ಲಿ ಬಿಯರ್ ತಯಾರಿಸುವ ಹಿರಿಯ ಬ್ರೂವರ್ ಮುಂದೆ ನಿಲ್ಲುತ್ತಾರೆ.

ಹಿರಿಯ ಬ್ರೂವರ್ ದಪ್ಪ ಮೈಯ, ಮೆಲುದನಿಯ ಮನುಷ್ಯ. ಒಂದು ಕಾಲಕ್ಕೆ ಅವರೂ ಅಡುಗೆಮನೆಯಲ್ಲಿ ಬಿಯರ್ ಮಾಡಿ ಹೆಂಡತಿಯಿಂದ ಬೈಸಿಕೊಂಡವರೇ. "ಅವರಿಗೆ ಪ್ರತಿ ಸಲ ಹೊಸ ರುಚಿ ಬೇಕು. ನಮಗೆ ಪ್ರತಿ ಸಲ ಅದೇ ರುಚಿ ಬರ್ಬೇಕು. ಈ ಹೆಣಗಾಟ ಅವರಿಗೆ ಹೇಗೆ ಹೇಳೋದು?" ಎನ್ನುತ್ತಾರೆ. "ಅವರು ತಂದಿದ್ದನ್ನ ಕುಡಿದು ಚೆನ್ನಾಗಿದೆ ಅಂತೀನಿ. ಪಾಪ, ಬಸ್ಸು ಹತ್ತಿ ಬಂದಿರ್ತಾರೆ."

ನಾಲ್ಕು ವರ್ಷಗಳ ಹಿಂದಿನ ಒಂದು ಶನಿವಾರ, ಹಲ್ಲಿನ ವೈದ್ಯೆಯೊಬ್ಬರು ತಮ್ಮ ಬಾಟಲಿ ಕೊಟ್ಟು, ಇದು ಯಾಕೆ ಹುಳಿಯಾಗುತ್ತದೆ ಎಂದು ಕೇಳಿದರು. ಬ್ರೂವರ್ ಹುದುಗು ಬರಿಸುವ ಉಷ್ಣತೆಯ ಬಗ್ಗೆ, ನೀರಿನ ಗುಣದ ಬಗ್ಗೆ ಹತ್ತು ನಿಮಿಷ ವಿವರಿಸಿದರು. ಎಲ್ಲರೂ ಬರೆದುಕೊಂಡರು. ಆಗ ಪಕ್ಕದ ತೊಟ್ಟಿಯೊಳಗಿನಿಂದ, ಪಾತಾಳದಿಂದ ಬಂದಂತೆ, ಒಂದು ದನಿ ಕೇಳಿಸಿತು: "ಬಕೆಟ್ಟಿನ ನಲ್ಲಿ ಬಿಚ್ಚಿ ತೊಳೆದಿದ್ದೀರಾ?"

ವೈದ್ಯೆ ಬೆಚ್ಚಿದರು. ಆಮೇಲೆ ತೊಟ್ಟಿಯ ಕಡೆ ಬಾಗಿ, "ನಲ್ಲೀನ ಬಿಚ್ಚೋಕಾಗುತ್ತಾ?" ಎಂದರು.

"ಎಲ್ಲಾದನ್ನೂ ಬಿಚ್ಚೋಕಾಗುತ್ತೆ. ಬಿಚ್ಚದೇ ಇರೋದು ನಾವು."

ಮುಂದಿನ ತಿಂಗಳು ವೈದ್ಯೆ ಆ ನಲ್ಲಿಯನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದರು. ಒಳಗೆ ಕಪ್ಪು ಲೋಳೆ ಕಟ್ಟಿತ್ತು. "ದಿನಾ ಊರಿನವರ ಹಲ್ಲಿನ ಸಂದಿ ತೊಳೀರಿ ಅಂತ ಬೈತೀನಿ. ನನ್ನ ನಲ್ಲೀಗೇ ಹುಳುಕು ಹಿಡಿದಿದೆ" ಎಂದು ನಗಾಡಿದರು. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಬಿಯರ್ ಹೇಗೆ ಮಾಡಬೇಕೆಂದು ಬ್ರೂವರ್ ಹೇಳುತ್ತಾರೆ. ಅದು ಯಾಕೆ ಕೆಟ್ಟಿತೆಂದು ತೊಟ್ಟಿ ಹೇಳುತ್ತದೆ. ಬಾಟಲಿಯನ್ನು ಆ ಸಣ್ಣ ಬಾಗಿಲಲ್ಲಿ ಇಳಿಬಿಟ್ಟರೆ ಒಳಗೆ ಮೂಸುವ ಸದ್ದು. ಆಮೇಲೆ ತೀರ್ಪು. "ಪೈಪು ಹಳೇದು, ಎಸೀರಿ." "ಮುಚ್ಚಳದ ರಬ್ಬರ್ ನೋಡಿ." "ಇದು ನಿಮ್ಮ ಬೆಕ್ಕಿನ ಕೋಣೇಲಿ ಇಟ್ಟಿದ್ದೀರಿ, ಹೌದಾ?" ಹೌದು ಎಂದು ಒಪ್ಪಿಕೊಂಡವರ ಮುಖ ಆಕೆಗೆ ಕಾಣುವುದಿಲ್ಲ. ಕಾಣದ್ದರಿಂದಲೇ ಆಕೆ ಅಷ್ಟು ನೇರವಾಗಿ ಹೇಳಬಲ್ಲರು. ಆಕೆ ಹೊರಗೆ ಬರುವ ಹೊತ್ತಿಗೆ ಗುಂಪು ಹೋಗಿರುತ್ತದೆ, ಇಲ್ಲವೇ ಆಕೆಯೇ ಹಿಂಬಾಗಿಲಿನಿಂದ ಹೋಗಿರುತ್ತಾರೆ.

ಈ ವರ್ಷ ಚಳಿಗಾಲದಿಂದ ಎಡ ಹೆಗಲು ಬಿಗಿದುಕೊಂಡಿದೆ. ಕೈ ಕಿವಿಗಿಂತ ಮೇಲೆ ಏಳುವುದಿಲ್ಲ. ಮುಂದಿನ ತಿಂಗಳು ಕಂಪನಿಯ ವೈದ್ಯರ ತಪಾಸಣೆ. ಬೇರೆಯವರ ಸಹಾಯವಿಲ್ಲದೆ ಬಾಗಿಲು ದಾಟಲಾಗದವರು ತೊಟ್ಟಿಗೆ ಇಳಿಯುವಂತಿಲ್ಲ. ಪಿಂಚಣಿಗೆ ಇನ್ನೂ ಎರಡು ವರ್ಷ ಬಾಕಿ. ಬ್ರೂವರ್ ಒಂದು ದಾರಿ ಹುಡುಕಿದ್ದಾರೆ: ಶನಿವಾರದ ಗುಂಪುಗಳನ್ನು ಸುತ್ತಾಡಿಸಿ, ಉಳಿದ ದಿನ ಹೊಸ ಕೆಲಸಗಾರರಿಗೆ ತೊಳೆಯುವುದನ್ನು ಹೇಳಿಕೊಡುವ ಕೆಲಸ. ಅದಕ್ಕೆ ಮಾಲೀಕರ ಒಪ್ಪಿಗೆಯೂ ಸಿಕ್ಕಿದೆ. ಅದು ಬಿಟ್ಟು ಬೇರೆ ಜಾಗ ಖಾಲಿಯಿಲ್ಲ.

ತೊಟ್ಟಿಯಕ್ಕ ಬೇಡವೆಂದಿದ್ದಾರೆ. "ಹನ್ನೆರಡು ಮುಖ, ಇಪ್ಪತ್ನಾಲ್ಕು ಕಣ್ಣು" ಎಂದು ನನ್ನೊಡನೆ ಹೇಳಿದರು, ಬೂಟಿಗೆ ಬ್ರಷ್ ತಿಕ್ಕುತ್ತಾ. "ಒಂದ್ಸಲ ನಿಲ್ಲಿಸಿ ನೋಡಿದ್ರು. ನಮಸ್ಕಾರ ಅಂದೆ. ಮುಂದೆ ಏನೂ ಬರ್ಲಿಲ್ಲ. ಬೆವರು ಮಾತ್ರ ಬಂತು." ಬೂಟು ಮಗುಚಿ, "ಮನೇಲಿ ಕೂತ್ರೆ ಆ ಕೋಟು ನೋಡ್ತಾ ಕೂತಿರ್ಬೇಕು. ಇಲ್ಲಿ ಇಪ್ಪತ್ತು ಪ್ಲೇಟಾದ್ರೂ ಇವೆ" ಎಂದರು.

ಆ ಬೆಳಗಾದ ಮೇಲೆ ಬಂದ ಶನಿವಾರವೂ ನಾನು ಅಲ್ಲಿದ್ದೆ. ಹತ್ತೂವರೆಗೆ ರಸ ಬಸಿದು, ಗಸಿ ಎಳೆದದ್ದಾಯಿತು. ಹನ್ನೆರಡು ಜನ ಸುತ್ತ ನಿಂತಿದ್ದಾರೆ. ಗುಂಪಿನಲ್ಲಿ ಹಲ್ಲಿನ ವೈದ್ಯೆಯೂ ಇದ್ದಾರೆ. ತೊಟ್ಟಿಯಕ್ಕ ತಲೆ ತಗ್ಗಿಸಿಕೊಂಡು ಬಂದು, ಒಳಗೆ ಕಾಳು ತಿರುವುವ ಮೋಟಾರಿನ ಸ್ವಿಚ್ಚಿಗೆ ಬೀಗ ಹಾಕಿ, ಬಲಗೈ ತೂರಿಸುತ್ತಾರೆ. ತಲೆ ಹೋಗುತ್ತದೆ. ಹೆಗಲು ಹೋಗುವುದಿಲ್ಲ. ಎರಡನೆಯ ಸಲವೂ ಇಲ್ಲ. ನಾಲ್ಕನೆಯ ಸಲ ಅವರು ಅಲ್ಲಿಯೇ ಸಿಕ್ಕಿಕೊಂಡು ಒಂದು ಸಣ್ಣ ಸದ್ದು ಮಾಡುತ್ತಾರೆ. ಬ್ರೂವರ್ ಓಡಿ ಬಂದು ಸೊಂಟ ಹಿಡಿದು ಮೆಲ್ಲನೆ ಹೊರಕ್ಕೆ ಎಳೆದುಕೊಳ್ಳುತ್ತಾರೆ. ಯಾರೂ ಫೋಟೋ ತೆಗೆಯುವುದಿಲ್ಲ. ಆಕೆ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಾರೆ.

ಗಸಿ ಒಣಗುತ್ತಿದೆ. ಮಧ್ಯಾಹ್ನ ಮತ್ತೆ ತೊಟ್ಟಿ ತುಂಬಬೇಕು. ನೀರು ಬಿಡುವ ಕೆಲಸಗಾರನ ಹೊಟ್ಟೆ ಆ ಬಾಗಿಲಿಗೆ ಹಿಡಿಸುವುದಿಲ್ಲ. "ನಾನು ಇಳೀಲಾ?" ಎಂದು ಹಲ್ಲಿನ ವೈದ್ಯೆ ಕೇಳುತ್ತಾರೆ. ಅವರದೂ ಸಣ್ಣ ಮೈ. ಬ್ರೂವರ್ ಹಿಂದೆ ಮುಂದೆ ನೋಡುತ್ತಾರೆ. ಸ್ವಿಚ್ಚಿನ ಬೀಗವನ್ನು ಎರಡು ಸಲ ಎಳೆದು ನೋಡುತ್ತಾರೆ. ಕೊನೆಗೆ ಹೆಲ್ಮೆಟ್ಟು, ಬೂಟು ತರಿಸುತ್ತಾರೆ. "ದಿನಾ ಬೇರೆಯವರ ಬಾಯಿಗೆ ಕೈ ಹಾಕ್ತೀರಿ. ಇವತ್ತು ಪೂರ್ತಿ ಇಳೀರಿ" ಎಂದು ಗುಂಪಿನಲ್ಲಿ ಯಾರೋ ಅನ್ನುತ್ತಾರೆ. ವೈದ್ಯೆ ಒಳಗಿಳಿದ ಎರಡು ನಿಮಿಷಕ್ಕೆ ಕೂಗು ಬರುತ್ತದೆ: "ಅಕ್ಕಾ, ಈ ಪ್ಲೇಟು ಏಳ್ತಾನೇ ಇಲ್ಲ!"

ತೊಟ್ಟಿಯಕ್ಕ ಗೋಡೆಯಿಂದ ತಿರುಗುತ್ತಾರೆ. ಯಾರನ್ನೂ ನೋಡದೆ ಬಂದು ಬಾಗಿಲಿಗೆ ಮುಖ ಇಟ್ಟು ಬಗ್ಗುತ್ತಾರೆ. "ಎದುರುಗಡೆಯಿಂದ ಎಬ್ಬಿಸ್ಬೇಡಿ ಡಾಕ್ಟ್ರಮ್ಮ. ಎಡಗಡೆ ಮೂಲೇಲಿ ಬೆರಳು ಹಾಕಿ. ಆ... ಹಾಗೆ. ಮಗುಚಿ. ಮೇಲ್ಗಡೆ ಹೊಳೀತಿದೆ ಅಂತ ಖುಷಿಪಡ್ಬೇಡಿ, ಕೊಳೆ ಇರೋದು ಅಡೀಲಿ. ಬ್ರಷ್ಷು ಅಡ್ಡಡ್ಡ ಎಳೆದ್ರೆ ಸಿಪ್ಪೆ ಇನ್ನೂ ಒಳಗೆ ಹೋಗುತ್ತೆ. ಸೀಳು ಯಾವ ಕಡೆ ಓಡುತ್ತೋ ಆ ಕಡೆಗೇ ಎಳೀಬೇಕು. ಯಾಕೆ ಗೊತ್ತಾ?" ಎಂದು ಶುರುಮಾಡಿದವರು ನಿಲ್ಲಿಸುವುದೇ ಇಲ್ಲ. ಯಾಕೆ ಎಂಬುದನ್ನು ಹೇಳುತ್ತಾರೆ. ಒಂದು ಸಲ ತಾವೇ ಅಡ್ಡ ಎಳೆದು, ಮರುದಿನ ರಸ ಬಸಿಯದೆ ಕಾರ್ಖಾನೆಯವರೆಲ್ಲ ಸಂಜೆಯವರೆಗೆ ಕಾದು ನಿಂತದ್ದನ್ನು ಹೇಳುತ್ತಾರೆ. ಮನೆಯ ಪಾತ್ರೆಯ ತಳದ ಜಾಲರಿಯನ್ನು ಹೇಗೆ ತೊಳೆಯಬೇಕೆಂದು ಹೇಳುತ್ತಾರೆ. ಹಿಂದೆ ಹನ್ನೊಂದು ಜನ ಹತ್ತಿರ ಹತ್ತಿರ ಬಂದು, ಉಸಿರು ಬಿಗಿಹಿಡಿದು ಬರೆದುಕೊಳ್ಳುತ್ತಿದ್ದಾರೆ. ಆಕೆಗೆ ಅದು ತಿಳಿಯದು. ಒಬ್ಬರು ಪ್ರಶ್ನೆ ಕೇಳಿದರೆ ತೊಟ್ಟಿಯೊಳಗೇ ನೋಡುತ್ತಾ ಉತ್ತರ ಕೊಡುತ್ತಾರೆ.

ಮುಕ್ಕಾಲು ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಿತು. ತೋಯ್ದು ತೊಪ್ಪೆಯಾದ ವೈದ್ಯೆಯ ತಲೆ ಬಾಗಿಲಲ್ಲಿ ಮೂಡುತ್ತದೆ. "ಹೇಗಾಯ್ತಕ್ಕ?"

ತೊಟ್ಟಿಯಕ್ಕ ಟಾರ್ಚ್ ಹಿಡಿದು ಒಳಗೆ ನೋಡುತ್ತಾರೆ. "ಪರವಾಗಿಲ್ಲ. ಹನ್ನೊಂದನೇದು ಇನ್ನೊಂದ್ಸಲ ಎಬ್ಬಿಸಿ."

"ಅಯ್ಯೋ ದೇವರೇ" ಎಂದು ವೈದ್ಯೆ ಮತ್ತೆ ಒಳಗೆ ಹೋಗುತ್ತಾರೆ. ಎಲ್ಲರೂ ನಗುತ್ತಾರೆ. ಆ ನಗು ಕೇಳಿ ತಿರುಗಿದಾಗಲೇ ತೊಟ್ಟಿಯಕ್ಕನಿಗೆ ಹಿಂದಿನ ಮುಖಗಳು ಕಾಣುವುದು. ಮಾತು ನಿಲ್ಲುತ್ತದೆ. ತೋಳಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಬ್ರೂವರ್ ಪಕ್ಕಕ್ಕೆ ಬಂದು ಮೆಲ್ಲಗೆ, "ಇನ್ನೇನಕ್ಕ? ಮಾತಾಡೋಕೆ ಬರಲ್ಲ ಅಂದ್ರಿ" ಎನ್ನುತ್ತಾರೆ.

ಆಕೆ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡೇ ಇದ್ದಾರೆ, ನೋವಿರಬೇಕು. "ಭಾಷಣ ಆಗಲ್ಲ ಸರ್. ಒಳಗೆ ಒಬ್ಬರು ಇದ್ದು ತೊಳೀತಿದ್ರೆ ಹೇಳ್ತೀನಿ. ಬರೀ ನಿಂತ್ಕೊಂಡು ನೋಡೋರಿಗೆ ನನ್ನ ಹತ್ರ ಹೇಳೋಕೆ ಏನಿಲ್ಲ."

"ಹಾಗೇ ಆಗ್ಲಿ. ಪ್ರತಿ ಶನಿವಾರ ಒಬ್ಬರನ್ನ ಇಳಿಸೋಣ. ಬರವಣಿಗೇಲಿ ಒಪ್ಪಿಗೆ ತಗೊಂಡು, ಎಲ್ಲಾ ಕ್ರಮದಲ್ಲಿ."

"ವೈದ್ಯರ ತಪಾಸಣೆ?"

"ಇಳಿಯೋರಿಗೆ ತಪಾಸಣೆ. ಇಳಿಸೋರಿಗಲ್ಲ."

ಅವರು ತಲೆಯಾಡಿಸುತ್ತಾರೆ. ನಗುವುದಿಲ್ಲ. ಇಪ್ಪತ್ತೆರಡು ವರ್ಷ ನುಸುಳಿದ ಆ ಬಾಗಿಲನ್ನು ಒಮ್ಮೆ ನೋಡುತ್ತಾರೆ. ಇನ್ನು ಅದರೊಳಗೆ ಹೋಗುವುದಿಲ್ಲವೆಂದು ಅವರಿಗೆ ಗೊತ್ತಾಗಿದೆ. ನಿಮ್ಮ ಆಸೆ ಏನೆಂದು ನಾನು ಕೇಳುತ್ತೇನೆ.

"ಆಸೆ ಏನು ಸ್ವಾಮಿ... ಎರಡು ವರ್ಷ ನಡೆದ್ರೆ ಸಾಕು. ಅಷ್ಟರಲ್ಲಿ ಈ ಊರಲ್ಲಿ ಒಂದು ಹತ್ತು ಮನೇಲಾದ್ರೂ ಬಕೆಟ್ಟಿನ ಅಡಿ ಸರಿಯಾಗಿ ತೊಳೆಯೋರು ಇರ್ಲಿ."

ಬ್ರೂವರ್ ಕುರ್ಚಿ ತಂದು ಅವರ ಹಿಂದೆ ಇಡುತ್ತಾರೆ. "ಕೂತ್ಕೊಳ್ಳಿ ಅಕ್ಕ. ಬೆಳಗ್ಗೆಯಿಂದ ನಿಂತಿದ್ದೀರಿ."

ತೊಟ್ಟಿಯಕ್ಕ ಬಾಗಿಲಿನಿಂದ ಕಣ್ಣು ತೆಗೆಯುವುದಿಲ್ಲ.

"ಒಳಗೆ ಜನ ಇದ್ದಾರೆ ಸರ್. ಅವ್ರು ಹೊರಗೆ ಬರ್ಲಿ, ಆಮೇಲೆ ಕೂತ್ಕೋತೀನಿ."