ಬೀಗದಕ್ಕನ ಇಳಿಜಾರು

ಆ ಮನೆಯ ಮಹಡಿಗೆ ನಾವು ಬಾಡಿಗೆಗೆ ಬಂದ ದಿನ ಕೆಳಮನೆಯಾಕೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಬಾಗಿಲಿಗೆ ಹಳೇ ಬೀಗಾನೇ ಹಾಕ್ಕೊಂಡಿದೀಯಾ?"

ಹೌದೆಂದೆ.

"ಹಾಗಾದ್ರೆ ಅದರ ನಾಲ್ಕು ಕೀಲಿ ಊರ ಮೇಲಿವೆ. ನಾನೇ ಮಾಡ್ಕೊಟ್ಟಿದ್ದು."

ಎರಡು ವರ್ಷದ ಮಗನನ್ನು ಸೊಂಟದ ಮೇಲಿಟ್ಟುಕೊಂಡು ನಾನು ನಿಂತಲ್ಲೇ ಬೆವೆತೆ. ನನ್ನ ಮುಖ ನೋಡಿ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆದರಬೇಡಮ್ಮ. ಈ ಬೀದೀಲಿ ಎಲ್ಲಾ ಮನೆಗೂ ನುಗ್ಗೋ ದಾರಿ ನಂಗೊತ್ತು. ಮೆಟ್ಟಿಲು ಹತ್ತೋಕೆ ಮಾತ್ರ ಆಗಲ್ಲ. ಅದಕ್ಕೇ ನೀವೆಲ್ಲ ಬದುಕ್ಕೊಂಡಿದೀರಿ."

ಅವರನ್ನು ಎಲ್ಲರೂ ಬೀಗದಕ್ಕ ಎನ್ನುತ್ತಿದ್ದರು. ವಯಸ್ಸು ನಲವತ್ತೆಂಟು. ಆರನೆಯ ವರ್ಷದಲ್ಲಿ ಬಂದ ಜ್ವರ ಎರಡೂ ಕಾಲು ಕೊಂಡೊಯ್ದಿತ್ತು. ಬೀಗ ರಿಪೇರಿ ಮಾಡುತ್ತಿದ್ದ ತಂದೆ ಮಗಳ ಕೈಗೆ ಅರ ಕೊಟ್ಟು ಕೀಲಿ ಉಜ್ಜುವುದನ್ನು ಕಲಿಸಿದ್ದರು. ತಂದೆ ಹೋದ ಮೇಲೆ ಅಣ್ಣ ಬೇರೆ ಬಡಾವಣೆಯಲ್ಲಿ ಮನೆ ಮಾಡಿ, ನೀನೂ ಬಾ ಎಂದು ಕರೆದಿದ್ದ. ಇವರು ಹೋಗಲಿಲ್ಲ. "ಅತ್ತಿಗೆ ಒಳ್ಳೇವಳೇ. ತಟ್ಟೆ ಕೈಗೆ ಕೊಡ್ತಾಳೆ, ಲೋಟ ಕೈಗೆ ಕೊಡ್ತಾಳೆ. ಆಮೇಲೆ ನನ್ನ ಕೈಗೆ ಏನು ಕೆಲಸ?" ಎನ್ನುತ್ತಿದ್ದರು.

ಅವರ ಮನೆಯಲ್ಲಿ ಒಲೆ, ನಲ್ಲಿ, ಚಿಲಕ, ಕನ್ನಡಿ ಎಲ್ಲವೂ ನಮ್ಮ ಸೊಂಟಕ್ಕಿಂತ ಕೆಳಗೆ. ಬಟ್ಟೆ ಒಣಹಾಕುವ ಹಗ್ಗವನ್ನು ರಾಟೆಗೆ ಸುತ್ತಿ ಇಳಿಸಿಕೊಳ್ಳುತ್ತಿದ್ದರು. ಎರಡು ನಿಮಿಷ ನಿಂತರೆ ನಮಗೆ ಬೆನ್ನು ನೋಯುತ್ತಿತ್ತು. "ನಮ್ಮನೇಲಿ ಎಲ್ರೂ ತಲೆ ಬಗ್ಗಿಸಲೇಬೇಕು, ವಾರ್ಡ್ ಮೆಂಬರ್ ಬಂದ್ರೂನೂ" ಎಂಬುದು ಅವರ ಮಾತು. ಗಾಲಿಕುರ್ಚಿಯ ಹಿಂದೆ ತಳ್ಳಲು ಇರುತ್ತವಲ್ಲ, ಆ ಎರಡು ಹಿಡಿಗಳನ್ನು ಗರಗಸದಿಂದ ಕೊಯ್ಯಿಸಿ ಹಾಕಿದ್ದರು. ಹೇಳದೆ ಕೇಳದೆ ಹಿಂದಿನಿಂದ ಬಂದು ತಳ್ಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಬೀದಿಗೂ ಅವರ ಬಾಗಿಲಿಗೂ ನಡುವೆ ಮೂರು ಮೆಟ್ಟಿಲುಗಳಿದ್ದವು. ಅವುಗಳ ಪಕ್ಕದಲ್ಲಿ ಗಾರೆ ಕೆಲಸದವನೊಬ್ಬನ ಕೈಲಿ ಸಿಮೆಂಟಿನ ಇಳಿಜಾರು ಕಟ್ಟಿಸಿಕೊಂಡಿದ್ದರು. ಗೋಡೆಗುಂಟ ಇಳಿದು, ಕೊನೆಯಲ್ಲಿ ಮೂರಡಿ ಬೀದಿಯೊಳಗೆ ಚಾಚಿತ್ತು. ಬೆಳಿಗ್ಗೆ ಎಂಟೂವರೆಗೆ ಅವರು ಹಿಂದಕ್ಕೆ ವಾಲಿಕೊಂಡು, ಎರಡೂ ಚಕ್ರಗಳನ್ನು ಅಂಗೈಯಲ್ಲಿ ತಡೆದು ಸರ್ರನೆ ಇಳಿದು ಮೂಲೆಯಲ್ಲಿದ್ದ ತಮ್ಮ ತಗಡಿನ ಬೀಗದಂಗಡಿಗೆ ಹೋಗುತ್ತಿದ್ದರು. ಸಂಜೆ ಏರಿ ಬರುತ್ತಿದ್ದರು. ಅವರಿಗೆ ಇದ್ದ ಸ್ವಾತಂತ್ರ್ಯ ಅಷ್ಟುದ್ದದ ಸಿಮೆಂಟು. ಅದನ್ನು ನಾನು ಆಗ ಹಾಗೆ ಲೆಕ್ಕ ಹಾಕಿರಲಿಲ್ಲ.

ನಾನು ಪಟ್ಟಣದ ಶಾಲೆಯಲ್ಲಿ ಓದಿದವಳು. ಔಷಧಿ ಡಬ್ಬಿಯ ಸಣ್ಣಕ್ಷರವನ್ನೂ ಬಿಡದೆ ಓದುತ್ತೇನೆ. ಮಗು ಹುಟ್ಟಿದ ಮೇಲಂತೂ ಮೇಜಿನ ಮೂಲೆ, ನೀರಿನ ಬಕೆಟ್ಟು, ಕಿಟಕಿಯ ಸರಳು, ಕಣ್ಣಿಗೆ ಬಿದ್ದದ್ದೆಲ್ಲ ಆಯುಧದಂತೆ ಕಾಣುತ್ತಿತ್ತು. "ನೀನು ಗಾಳಿ ಬೀಸಿದ್ರೂ ಹೆದರ್ತೀಯ" ಎಂದು ಗಂಡ ರೇಗುತ್ತಿದ್ದ. ಹಾಗಿರುವಾಗ ಒಂದು ದಿನ ನನ್ನ ಮಗ ಆ ಇಳಿಜಾರಿನ ಮೇಲಿಂದ ಓಡಿ ಬಂದು ಮುಗ್ಗರಿಸಿ ಗಲ್ಲ ಒಡೆದುಕೊಂಡ. ಎರಡು ಹೊಲಿಗೆ ಬಿತ್ತು. ಬೀಗದಕ್ಕ ಅವನಿಗೆ ಒಂದು ಹಳೆಯ ಪುಟ್ಟ ಬೀಗ ಕೊಟ್ಟು ಸಮಾಧಾನ ಮಾಡಿದರು. "ಬಿದ್ದೇ ಕಲೀಬೇಕು ಮರಿ" ಎಂದರು. ಬೀಗವನ್ನು ಅವನು ಬಾಯಿಗೆ ಹಾಕಿಕೊಂಡಾನೆಂದು ಕಸಿದಿಟ್ಟೆ.

ಅದಾದ ನಾಲ್ಕೇ ದಿನಕ್ಕೆ ನಮ್ಮ ಬಡಾವಣೆಯಲ್ಲಿ ದೊಡ್ಡ ಪ್ರಾರ್ಥನಾ ಸಭೆ ಗೊತ್ತಾಯಿತು. ಬೇರೆ ಊರಿನಿಂದ ಗುರುಗಳೊಬ್ಬರು ಬರುವವರಿದ್ದರು; ಅವರನ್ನು ಕರೆಸುತ್ತಿದ್ದವರು ನಮ್ಮ ವಾರ್ಡಿನ ಮೆಂಬರು. ಕಂಬಕಂಬಕ್ಕೂ ಬ್ಯಾನರು. ದೇವರ ಹೆಸರು, ಗುರುಗಳ ಹೆಸರು, ಮೆಂಬರರ ಹೆಸರು. ಮೂರರಲ್ಲಿ ದಪ್ಪಕ್ಷರ ಯಾರದೆಂದು ಹೇಳಬೇಕಾಗಿಲ್ಲ. ಚುನಾವಣೆಗೆ ನಾಲ್ಕೇ ತಿಂಗಳಿತ್ತು. ಭಕ್ತಿಗೂ ಒಂದು ಋತು ಇರುತ್ತದೆ ಎಂದು ನನಗೆ ಅನ್ನಿಸಿದ್ದುಂಟು. ಅನ್ನಿಸಿದ್ದನ್ನು ಯಾರ ಮುಂದೆಯೂ ಹೇಳಲಿಲ್ಲ. ಬಾಡಿಗೆ ಮನೆಯಲ್ಲಿರುವವರು ಅಭಿಪ್ರಾಯಗಳನ್ನು ಮಡಚಿ ಇಡುವುದು ಒಳ್ಳೆಯದು.

ಮೆಂಬರರ ಕೆಲಸಗಳನ್ನೆಲ್ಲ ಓಡಾಡಿ ಮಾಡುತ್ತಿದ್ದವನಿಗೆ ಬೀದಿಯವರು ಲೆಟರ್‌ಹೆಡ್ ಎಂದು ಹೆಸರಿಟ್ಟಿದ್ದರು. ಕಂಕುಳಿನ ಚೀಲದಲ್ಲಿ ಮೆಂಬರರ ಲೆಟರ್‌ಹೆಡ್ಡುಗಳು ಸದಾ ಇರುತ್ತಿದ್ದವು. ಅವನು ಮನೆಮನೆಗೆ ಒಂದು ಪಟ್ಟಿ ಹಿಡಿದು ಬಂದ.

"ಸ್ವಾಗತಕ್ಕೆ ಎಲ್ರೂ ಸೈನ್ ಹಾಕ್ತಿದಾರೆ, ಮೇಡಂ. ಇಲ್ಲೊಂದು."

ಬೀದಿಯವರೆಲ್ಲ ಗೀಚಿದ್ದರು. ಓದಿದವಳು ನಾನೊಬ್ಬಳೇ. ಗುರುಗಳ ವಾಹನ ತಿರುಗಲು ಅಡ್ಡಿಯಾಗುವ ಮನೆಗಳ ಮುಂದಿನ ಕಟ್ಟಡಗಳನ್ನು ತೆಗೆಯಲು ನಮ್ಮ ಒಪ್ಪಿಗೆಯಿದೆ ಎಂದು ನಾಲ್ಕನೆಯ ಸಾಲಿನಲ್ಲಿತ್ತು.

"ಇದು ಬೀಗದಕ್ಕನ ಇಳಿಜಾರಿಗೂ ಬರುತ್ತಾ?"

"ಅಯ್ಯೋ, ಅದನ್ನ ಎಂಟು ದಿನದಲ್ಲಿ ಇದಕ್ಕಿಂತ ಚೆನ್ನಾಗಿ ಕಟ್ಟಿಸ್ಕೊಡ್ತಾರೆ ಸಾಹೇಬ್ರು. ನೀವು ಓದಿದೋರು, ಷರಾದಲ್ಲೂ ಏನಾದ್ರೂ ಬರೀರಿ. ಎಲ್ಲ ಖಾಲಿ ಬಿಟ್ಟಿದಾರೆ, ಚೆನ್ನಾಗಿ ಕಾಣಲ್ಲ."

ಒಳಗೆ ಮಗ ಗಲ್ಲದ ಪಟ್ಟಿ ಕಿತ್ತುಕೊಂಡು ಅಳುತ್ತಿದ್ದ. ನಾನು ಸಹಿ ಮಾಡಿದೆ. ದಿನಾಂಕ ಹಾಕಿದೆ. ಷರಾ ಎಂಬ ಅಂಕಣದಲ್ಲಿ ದುಂಡಗೆ ಬರೆದೆ: "ಸದರಿ ಇಳಿಜಾರಿನಿಂದ ಬೀದಿಯ ಮಕ್ಕಳಿಗೆ ಅಪಾಯವಿದೆ. ನನ್ನ ಮಗುವೇ ಬಿದ್ದು ಗಾಯಗೊಂಡಿದೆ." ಹೊಸದು ಕಟ್ಟುವಾಗ ಪಕ್ಕಕ್ಕೊಂದು ಕಂಬಿಯಾದರೂ ಹಾಕಲಿ ಎಂಬ ಆಸೆಯಿತ್ತು. ಆಸೆಯನ್ನು ಬರೆಯಲಿಲ್ಲ, ಅಪಾಯವನ್ನಷ್ಟೇ ಬರೆದೆ.

ಸಭೆಯ ದಿನ ಬೆಳಿಗ್ಗೆ ಏಳಕ್ಕೆ ಮೂವರು ಬಂದು ಸುತ್ತಿಗೆಯಿಂದ ಇಳಿಜಾರನ್ನು ಒಡೆದರು. ಬೀಗದಕ್ಕ ಹೊಸ್ತಿಲಲ್ಲಿ ಬಾಚಣಿಗೆ ಹಿಡಿದುಕೊಂಡು ಕೂತಿದ್ದರು. "ನಿಲ್ಸಿ! ನಾನು ಇಳಿಯೋದು ಹೆಂಗೋ?" ಎಂದು ಕೂಗಿದರು.

ಲೆಟರ್‌ಹೆಡ್ ಹಲ್ಲು ಕಿರಿದ. "ಇವತ್ತು ನೀವು ಇಳಿಯೋ ಹಾಗೇ ಇಲ್ಲಕ್ಕ. ನಿಮ್ಮನ್ನ ಎತ್ಕೊಂಡು ಹೋಗ್ತೀವಿ. ನಿಮಗೆ ಸನ್ಮಾನ!"

ಅದು ನಿಜವೇ ಆಗಿತ್ತು. ಗುರುಗಳ ಕೈಯಿಂದ ಒಬ್ಬ ಸ್ವಾವಲಂಬಿ ಮಹಿಳೆಗೆ ಸನ್ಮಾನ ಮಾಡಿಸಬೇಕೆಂದು ಮೆಂಬರರು ಇವರನ್ನೇ ಆರಿಸಿದ್ದರು. ಇಳಿಜಾರು ಒಡೆಯಲು ಹೇಳಿದವರೂ ಅವರೇ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡಿದ್ದರಂತೆ, ಒಂದಕ್ಕೊಂದು ಸಂಬಂಧವಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಹತ್ತು ಗಂಟೆಗೆ ನಾಲ್ವರು ಸ್ವಯಂಸೇವಕರು ಬಂದರು. ಹಿಡಿಯಲು ಹಿಂದೆ ಹಿಡಿಗಳಿಲ್ಲದೆ ಚಕ್ರಗಳನ್ನೇ ಹಿಡಿದೆತ್ತಿದರು. ಚಕ್ರ ತಿರುಗಿತು, ಕುರ್ಚಿ ವಾಲಿತು, ಬೀಗದಕ್ಕ ಒಬ್ಬನ ಕೊರಳಿಗೆ ಜೋತುಬಿದ್ದರು. ಸುತ್ತ ನಿಂತವರು ಭಕ್ತಿಯಿಂದ ನಕ್ಕರು. ವೇದಿಕೆಯ ಮೇಲೆ ಗುರುಗಳು ಶಾಲು ಹೊದಿಸಿ, "ಯಾರ ಹಂಗಿಲ್ಲದೆ ಬದುಕುವ ಈ ತಾಯಿಯಲ್ಲಿ ನಾನು ದೇವರನ್ನು ಕಾಣುತ್ತಿದ್ದೇನೆ" ಎಂದರು. ಆಮೇಲೆ ಮೈಕನ್ನು ಬೀಗದಕ್ಕನ ಬಾಯಿಗೆ ಹಿಡಿದರು.

"ನನ್ನ ಇಳಿಜಾರು ಯಾವತ್ತು ಕಟ್ಟಿಸ್ಕೊಡ್ತೀರಿ?" ಎಂದರು ಬೀಗದಕ್ಕ.

ಮೆಂಬರರು ಮೈಕು ತೆಗೆದುಕೊಂಡರು. "ನೋಡಿ, ಎಂಥಾ ಮುಗ್ಧ ಜೀವ! ಎಂಟೇ ದಿನ ತಾಯಿ, ಗುರುಗಳ ಮುಂದೆ ಮಾತು ಕೊಡ್ತಿದೀನಿ." ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ, ಮಗನ ಕೈಗಳನ್ನೂ ಹಿಡಿದು ತಟ್ಟಿಸಿದೆ.

ಸಭೆ ಮುಗಿದ ಮೇಲೆ ಆ ನಾಲ್ವರು ಊಟಕ್ಕೆ ಹೋದರು. ವೇದಿಕೆಗೆ ಇದ್ದದ್ದು ಮೆಟ್ಟಿಲು ಮಾತ್ರ. ಮೂರು ಗಂಟೆಯ ತನಕ ಬೀಗದಕ್ಕ ಶಾಲು ಹೊದ್ದು ಬಿಸಿಲಲ್ಲಿ ಅಲ್ಲೇ ಕೂತಿದ್ದರು. ಶಾಮಿಯಾನದವರು ಸುತ್ತಲಿನ ಜಮಖಾನೆ ಸುರುಳಿ ಸುತ್ತಿದರು. "ಅಕ್ಕ, ಸ್ವಲ್ಪ ಚಕ್ರ ಎತ್ತಿ" ಎಂದು ಒಬ್ಬ ಹೇಳಿದನಂತೆ.

ಎಂಟು ದಿನ ಹೋಯಿತು, ಇಪ್ಪತ್ತು ದಿನವೂ ಹೋಯಿತು. ಬೀಗದಕ್ಕ ದಿನಾ ಬೆಳಿಗ್ಗೆ ಹೊಸ್ತಿಲ ಮೇಲೆ ಕೂತು, ಒಂದೊಂದೇ ಮೆಟ್ಟಿಲು ಕುಂಡೆಯ ಮೇಲೆ ಇಳಿದು, ಕುರ್ಚಿಯನ್ನು ಹಗ್ಗದಿಂದ ಎಳೆದುಕೊಳ್ಳುತ್ತಿದ್ದರು. ನಾನು ಹಿಡಿಯಲು ಹೋದರೆ, "ಬೇಡಮ್ಮ. ನಿನ್ನ ಕೈ ರೂಢಿಯಾದ್ರೆ, ನೀನು ಬರದ ದಿನ ನಾನು ಬೀಳ್ತೀನಿ" ಎನ್ನುತ್ತಿದ್ದರು. ಬೀಳುವ ದಿನ ನಾನು ಇದ್ದಾಗಲೇ ಬಂತು. ಹಗ್ಗ ಜಾರಿ ಕುರ್ಚಿ ಮೈಮೇಲೆ ಉರುಳಿ ಬಲ ಮಣಿಕಟ್ಟು ಉಳುಕಿತು. ಅರ ಹಿಡಿಯುವ ಕೈ. ಅಂಗಡಿ ಮುಚ್ಚಿತು.

ಅವರು ನಗರಸಭೆಗೆ ಅರ್ಜಿ ಹಾಕಿದರು. ತಿಂಗಳ ನಂತರ ಉತ್ತರ ಬಂದಾಗ ನನ್ನನ್ನು ಕೆಳಗೆ ಕರೆದರು.

"ಆಫೀಸಿನ ಭಾಷೆ ನಂಗೆ ತಲೆಗೆ ಹತ್ತಲ್ಲ. ಜೋರಾಗಿ ಓದು."

ಓದಿದೆ. ಸಾರ್ವಜನಿಕ ರಸ್ತೆಯಲ್ಲಿ ಕಟ್ಟಡಕ್ಕೆ ಅವಕಾಶವಿಲ್ಲ. ಮೇಲಾಗಿ ಸದರಿ ಇಳಿಜಾರಿನಿಂದ ಬೀದಿಯ ಮಕ್ಕಳಿಗೆ ಅಪಾಯವಿದೆಯೆಂದು ನಿವಾಸಿಗಳೇ ಲಿಖಿತವಾಗಿ ತಿಳಿಸಿದ್ದಾರೆ, ಪ್ರತಿ ಲಗತ್ತಿಸಿದೆ. ಲಗತ್ತಿಸಿದ ಹಾಳೆಯ ತುಂಬ ಗೀಚು ಸಹಿಗಳು, ಷರಾದಲ್ಲಿ ಒಂದೇ ಒಂದು ದುಂಡನೆಯ ಕೈಬರಹ. ನಾನು ಹಾಳೆಯನ್ನು ಮಡಚತೊಡಗಿದೆ.

"ಯಾಕೆ ನಿಲ್ಲಿಸ್ದೆ? ಅಕ್ಷರ ನಿಂದೇ ಅಲ್ವಾ, ಓದೋಕೇನು ಕಷ್ಟ?"

ಅವರು ಆಗಲೇ ನೋಡಿಕೊಂಡಿದ್ದರು. ನನ್ನ ಬಾಯಿಂದ ಕೇಳಲೆಂದೇ ಕರೆದಿದ್ದರು. ನಾನು ಅತ್ತೆ. ಮಗುವಿನ ಹೆದರಿಕೆಗೆ ಬರೆದೆ ಎಂದೆ. "ನಿನ್ನ ಮಗು ಎರಡು ಹೊಲಿಗೆಗೆ ವಾಸಿಯಾಯ್ತಲ್ಲ" ಎಂದರು. ಬೇರೇನೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಮರುದಿನವೇ ನಗರಸಭೆಗೆ ಹೋಗಿ, ನನ್ನ ಷರಾ ಹಿಂತೆಗೆದುಕೊಳ್ಳುತ್ತೇನೆ ಎಂದೆ. ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ.

"ಅಪಾಯ ಇದೆ ಅಂತ ಬರೆದೋರೂ ನೀವೇ, ಇಲ್ಲ ಅನ್ನೋರೂ ನೀವೇ. ನಾಳೆ ಯಾವುದಾದ್ರೂ ಮಗು ಬಿದ್ದು ಹೆಚ್ಚುಕಮ್ಮಿ ಆದ್ರೆ? ಜವಾಬ್ದಾರಿ ನಿಮ್ದು ಅಂತ ಬರೆದುಕೊಡಿ. ಫೈಲು ಮೇಲಕ್ಕೆ ಕಳಿಸ್ತೀನಿ. ಇಳಿಜಾರು ಆಗ್ಬಹುದು."

ಬಿಳಿ ಹಾಳೆ ಮುಂದಿಟ್ಟ. ಯಾವುದೇ ಮಗು, ಯಾವತ್ತೇ ಬಿದ್ದರೂ, ಹೊಣೆ ನನ್ನದು. ಪೆನ್ನಿನ ಮುಚ್ಚಳ ತೆಗೆದೆ. ಬೀದಿಯಲ್ಲಿದ್ದ ಒಂಬತ್ತು ಮಕ್ಕಳೂ ಒಂದೊಂದಾಗಿ ಕಣ್ಣ ಮುಂದೆ ಬಿದ್ದವು, ಕೊನೆಗೆ ನನ್ನವನು. ಮನೆಯವರನ್ನು ಕೇಳಿ ಬರುತ್ತೇನೆ ಎಂದು ಎದ್ದುಬಂದೆ. ಮನೆಯವರನ್ನು ಕೇಳಲಿಲ್ಲ. ಮತ್ತೆ ಹೋಗಲೂ ಇಲ್ಲ.

"ಏನಂದ್ರು?" ಎಂದು ಬೀಗದಕ್ಕ ಕೆಳಗಿನಿಂದ ಕೂಗಿ ಕೇಳಿದರು.

"ಆಗಲ್ಲ ಅಂದ್ರು, ಅಕ್ಕ" ಎಂದೆ.

ಇದನ್ನು ಅವರು ಇವತ್ತಿಗೂ ನಂಬಿದ್ದಾರೆ.

ಆ ವಾರವೇ ಅಣ್ಣ ವ್ಯಾನು ತಂದ. ತಂಗಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಮೂರು ಮೆಟ್ಟಿಲು ಇಳಿಸಿದ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಚುನಾವಣೆಯಲ್ಲಿ ಮೆಂಬರರು ಗೆದ್ದರು. ಕರಪತ್ರದಲ್ಲಿ ಶಾಲು ಹೊದ್ದ ಬೀಗದಕ್ಕನ ಚಿತ್ರವಿತ್ತು.

ಕಳೆದ ತಿಂಗಳು ನೋಡಲು ಹೋಗಿದ್ದೆ. ಅಣ್ಣನ ಮನೆ ಎರಡನೆಯ ಮಹಡಿಯಲ್ಲಿದೆ. "ಒಂದು ಕಡ್ಡಿ ಎತ್ತಿಡೋಕೂ ಬಿಡಲ್ಲ ನಾವು. ರಾಣಿ ಥರ ಇದಾರೆ" ಎಂದರು ಅತ್ತಿಗೆ. ಬೀಗದಕ್ಕ ಕಿಟಕಿಯಿಲ್ಲದ ಕಡೆಗೆ ಹಾಕಿದ ಮಂಚದ ಮೇಲಿದ್ದರು. ಬಲಗೈ ವಾಸಿಯಾಗಿತ್ತು. ನನ್ನ ಕೈ ಹಿಡಿದು ಅಂಗೈ ತಿರುಗಿಸಿ, ತಮ್ಮದನ್ನು ಅದರ ಪಕ್ಕ ಇಟ್ಟರು.

"ನೋಡು, ಅರ ಹಿಡಿದು ಕಟ್ಟಿದ್ದ ಜಡ್ಡೆಲ್ಲ ಉದುರಿಹೋಯ್ತು. ಈಗ ನಿನ್ನ ಕೈಗಿಂತ ಮೆತ್ತಗಿದೆ."

ಆಮೇಲೆ ನೀರು ಬೇಕೆಂದರು. ಬಿಂದಿಗೆ ನನ್ನ ಹತ್ತಿರವೇ ಇತ್ತು. ನಾನು ಏಳುವಷ್ಟರಲ್ಲಿ ಅತ್ತಿಗೆ ಒಳಗಿನಿಂದ ಕೂಗಿದರು: "ಇರಿ, ಇರಿ, ನಾನು ಬಂದು ಕುಡಿಸ್ತೀನಿ. ಮೈಮೇಲೆ ಚೆಲ್ಕೋತಾರೆ."

ಬೀಗದಕ್ಕ ಕೈ ಮಡಿಲಲ್ಲಿಟ್ಟುಕೊಂಡು ಕಾಯತೊಡಗಿದರು.